ತುದಿಯಲ್ಲೊಂದು ಹೈಡ್ರೋಜನ್: ಆಲ್ಡಿಹೈಡ್ ಗುರುತಿಸುವುದು ಹೇಗೆ?

ದಾವಣಗೆರೆಯ ಮಂಡಿಪೇಟೆಯಿಂದ ತಂದ ದಿನಸಿ ಚೀಲದಿಂದಲೇ ಪಾಠ ಶುರುಮಾಡೋಣ. ಒಂದು ತುಂಡು ಚಕ್ಕೆ ಮುರಿದು ಮೂಸಿ ನೋಡಿ. ಆ ಘಮ ಸಿನ್ನಮಾಲ್ಡಿಹೈಡ್‌ನದು. ಜೀರಿಗೆಯನ್ನು ಅಂಗೈಯಲ್ಲಿ ಉಜ್ಜಿದರೆ ಏಳುವುದು ಕ್ಯುಮಿನಾಲ್ಡಿಹೈಡ್. ಮಂಡಕ್ಕಿ ಮೇಲೆ ಉದುರಿಸುವ ಕೊತ್ತಂಬರಿ ಸೊಪ್ಪಿನ ವಾಸನೆಯಲ್ಲೂ ಆಲ್ಡಿಹೈಡ್‌ಗಳದೇ ದೊಡ್ಡ ಪಾಲು. ಇಷ್ಟು ಪರಿಚಿತವಾದದ್ದು ದ್ವಿತೀಯ ಪಿಯುಸಿ ಪುಸ್ತಕಕ್ಕೆ ಬಂದ ಕೂಡಲೇ ಮಕ್ಕಳಿಗೆ ಕಬ್ಬಿಣದ ಕಡಲೆಯಾಗುವುದನ್ನು ವರ್ಷವರ್ಷವೂ ನೋಡುತ್ತೇನೆ. ಒಂದೇ ಒಂದು ಹೈಡ್ರೋಜನ್ ಮೇಲೆ ಕಣ್ಣಿಟ್ಟರೆ ಸಾಕು, ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ.

ಮೊದಲು ಚಿತ್ರ ಬರೆಯಿರಿ. ಹಾಳೆಯ ಮೇಲೆ ಒಂದು ಕಾರ್ಬನ್. ಅದಕ್ಕೆ ನಾಲ್ಕು ಕೈ. ಎರಡು ಕೈಯಿಂದ ಆಕ್ಸಿಜನ್ ಹಿಡಿಸಿ, ಅದು ದ್ವಿಬಂಧ. ಮೂರನೆಯ ಕೈಗೆ ಹೈಡ್ರೋಜನ್. ನಾಲ್ಕನೆಯದು ಉಳಿದ ಸರಪಳಿಗೆ. ಇದೇ ಆಲ್ಡಿಹೈಡ್ ಗುಂಪು. ಮೂರು ಕೈ ಆಗಲೇ ತುಂಬಿರುವುದರಿಂದ ಈ ಗುಂಪು ಯಾವಾಗಲೂ ತುದಿಯಲ್ಲೇ ಇರುತ್ತದೆ. ಹೈಡ್ರೋಜನ್ ಜಾಗದಲ್ಲಿ ಇನ್ನೊಂದು ಕಾರ್ಬನ್ ಬಂದರೆ ಅದು ಕೀಟೋನ್. ಚಿಕ್ಕದಾಗಿ ‘ಸಿಎಚ್‌ಒ’ ಎಂದು ಬರೆಯಿರಿ. ‘ಸಿಒಎಚ್’ ಎಂದರೆ ಆಲ್ಕೊಹಾಲ್ ಎಂದು ಓದಿಸಿಕೊಳ್ಳುತ್ತದೆ, ಅಂಕವೂ ಹೋಗುತ್ತದೆ.

ಆಮೇಲೆ ಹೆಸರು. ಸಿಎಚ್‌ಒ ಇರುವ ಅತಿ ಉದ್ದದ ಸರಪಳಿಯನ್ನು ಹಿಡಿದು, ಸಿಎಚ್‌ಒದ ಕಾರ್ಬನ್‌ನಿಂದಲೇ 1 ಎಂದು ಎಣಿಸಿ. ಮೆಥೇನ್ ಮೆಥನ್ಯಾಲ್ ಆಗುತ್ತದೆ, ಎಥೇನ್ ಎಥನ್ಯಾಲ್. ನಾಲ್ಕು ಕಾರ್ಬನ್ ಸರಪಳಿಯ ಮೂರನೆಯದಕ್ಕೆ ಮೀಥೈಲ್ ಅಂಟಿದ್ದರೆ 3-ಮೀಥೈಲ್‌ಬ್ಯೂಟನ್ಯಾಲ್. ರೂಢಿಯ ಹೆಸರು ಆಮ್ಲದಿಂದ ಬರುತ್ತದೆ: ಫಾರ್ಮಿಕ್ ಆಮ್ಲದಿಂದ ಫಾರ್ಮಾಲ್ಡಿಹೈಡ್, ಅಸಿಟಿಕ್‌ನಿಂದ ಅಸಿಟಾಲ್ಡಿಹೈಡ್.

ಇಲ್ಲಿ ಕನ್ನಡದಲ್ಲಿ ಓದುವವರಿಗೊಂದು ತೊಡಕಿದೆ. ಇಂಗ್ಲಿಷಿನಲ್ಲಿ ಆಲ್ಕೊಹಾಲ್‌ನ ಬಾಲ ‘ಓ, ಎಲ್’, ಆಲ್ಡಿಹೈಡ್‌ನದು ‘ಎ, ಎಲ್’. ನಮ್ಮ ಲಿಪಿಯಲ್ಲಿ ಎರಡೂ ‘ಎಥನಾಲ್’ ಆಗಿಬಿಡಬಹುದು. ಅದಕ್ಕೇ ನಾನು ಬೋರ್ಡಿನ ಮೇಲೆ ಆಲ್ಡಿಹೈಡ್‌ಗೆ ತಪ್ಪದೆ ‘ನ್ಯಾಲ್’ ಎಂದು ಯ-ಒತ್ತು ಕೊಡುತ್ತೇನೆ. ಆಲ್ಡಿಹೈಡ್ ಎಂಬ ಪದವನ್ನು 1835ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ ಕಟ್ಟಿದ್ದೇ ‘ಹೈಡ್ರೋಜನ್ ಕಳೆದುಕೊಂಡ ಆಲ್ಕೊಹಾಲ್’ ಎಂಬರ್ಥದಲ್ಲಿ.

ಗುಣದಲ್ಲೂ ಅಂತರ ದೊಡ್ಡದು. ಎಥನಾಲ್ 78 ಡಿಗ್ರಿಯಲ್ಲಿ ಕುದಿದರೆ, ಎಥನ್ಯಾಲ್ ಸುಮಾರು 20 ಡಿಗ್ರಿಗೇ ಕುದಿಯುತ್ತದೆ. ನಮ್ಮೂರ ಏಪ್ರಿಲ್ ಬಿಸಿಲಿಗೆ ಅದರ ಬಾಟಲಿಯನ್ನು ತೆರೆದಿಡುವಂತೆಯೇ ಇಲ್ಲ. ಮೆಥನ್ಯಾಲ್, ಅಂದರೆ ಫಾರ್ಮಾಲ್ಡಿಹೈಡ್, ಅಂತೂ ಅನಿಲವೇ. ಅದನ್ನು ನೀರಿನಲ್ಲಿ ಕರಗಿಸಿದ್ದೇ ವೈದ್ಯಕೀಯ ಕಾಲೇಜುಗಳಲ್ಲಿ ದೇಹ ಕೆಡದಂತೆ ಇಡುವ ಫಾರ್ಮಲಿನ್. ಕಣ್ಣು ಉರಿಸುತ್ತದೆ, ಕ್ಯಾನ್ಸರ್‌ಕಾರಕ ಕೂಡ, ಹುಷಾರಾಗಿರಬೇಕು. ದೋಸೆ ಕಾವಲಿಯ ಕರಿ ಬೇಕಲೈಟ್ ಹಿಡಿ ಇದೇ ಫಾರ್ಮಾಲ್ಡಿಹೈಡ್ ಫಿನಾಲ್ ಜೊತೆ ಸೇರಿ ಆದದ್ದು.

ತುದಿಯ ಆ ಹೈಡ್ರೋಜನ್ ಆಕ್ಸಿಜನ್‌ಗೆ ಬೇಗ ಸೋಲುತ್ತದೆ, ಆಲ್ಡಿಹೈಡ್ ಆಮ್ಲವಾಗುತ್ತದೆ. ನಮ್ಮ ಲ್ಯಾಬಿನ ಹಳೆಯ ಬೆಂಜಾಲ್ಡಿಹೈಡ್ ಬಾಟಲಿಯ ಬಿರಡೆ ಸುತ್ತ ಉಪ್ಪಿನಂಥ ಬಿಳಿ ಹರಳು ಕಟ್ಟಿವೆ. ಗಾಳಿಯೇ ಮಾಡಿಕೊಟ್ಟ ಬೆಂಜೋಯಿಕ್ ಆಮ್ಲ ಅದು. ಚಳ್ಳಕೆರೆಯ ಶೇಂಗಾ ಎಣ್ಣೆ ತೆರೆದಿಟ್ಟಲ್ಲಿ ಕಮಟು ಹಿಡಿಯುವಾಗ ಆಗುವುದು ಬೇರೆ: ಅಲ್ಲಿ ಎಣ್ಣೆಯೇ ಒಡೆದು ಹೆಕ್ಸನ್ಯಾಲ್‌ನಂಥ ಆಲ್ಡಿಹೈಡ್‌ಗಳು ಹುಟ್ಟುತ್ತವೆ. ಮುಚ್ಚಿ, ಕತ್ತಲಲ್ಲಿಡಿ.

ಕೊನೆಗೆ ಆಲ್ಡಿಹೈಡ್ ಗುರುತಿಸುವ ಟಾಲೆನ್ಸ್ ಪರೀಕ್ಷೆ, ಲ್ಯಾಬಿನಲ್ಲೇ, ಕನ್ನಡಕ ಹಾಕಿಕೊಂಡು. ಪ್ರನಾಳ ಜಿಡ್ಡಿಲ್ಲದಂತೆ ತೊಳೆದಿರಬೇಕು, ಇಲ್ಲದಿದ್ದರೆ ಬೆಳ್ಳಿ ಕನ್ನಡಿಯ ಬದಲು ಕರಿ ಪುಡಿ ಸಿಗುತ್ತದೆ. ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಒಂದು ಹನಿ ಸೋಡಿಯಂ ಹೈಡ್ರಾಕ್ಸೈಡ್ ಬಿಡಿ. ಕಂದು ಬಣ್ಣದ ಗಸಿ ಬರುತ್ತದೆ. ಅದು ಕರಗುವಷ್ಟೇ ಅಮೋನಿಯಾ ಹನಿಸಿ, ಜಾಸ್ತಿ ಬೇಡ. ಆಲ್ಡಿಹೈಡ್ ಗುಂಪಿರುವ ಗ್ಲುಕೋಸ್‌ನ ದ್ರಾವಣ ಸೇರಿಸಿ, ಬಿಸಿನೀರಿನಲ್ಲಿ ಅಲುಗಾಡಿಸದೆ ಇಡಿ. ಗಾಜು ಮೊದಲು ಮಬ್ಬಾಗಿ, ನಿಮಿಷಗಳಲ್ಲಿ ಒಳಮೈಯೆಲ್ಲ ಬೆಳ್ಳಿ ಹತ್ತುತ್ತದೆ; ನಿಮ್ಮ ಮುಖವೇ ಅದರಲ್ಲಿ ಬಾಗಿ ಕಾಣುತ್ತದೆ. ಕೀಟೋನ್‌ಗಳಿಗೆ ಸಾಮಾನ್ಯವಾಗಿ ಇದು ಆಗದು.

ಉಳಿದ ದ್ರಾವಣವನ್ನು ನಾಳೆಗೆಂದು ಇಡಲೇಬೇಡಿ, ಒಣಗಿದರೆ ಸಿಡಿಯುವ ವಸ್ತುವಾಗುತ್ತದೆ. ಆಗಿಂದಾಗಲೇ ಆಮ್ಲ ಬೆರೆಸಿ, ಲ್ಯಾಬಿನ ತ್ಯಾಜ್ಯದ ಜಾಡಿಗೆ ಸುರಿಯಿರಿ. ಪ್ರನಾಳದ ಕನ್ನಡಿ ನೈಟ್ರಿಕ್ ಆಮ್ಲಕ್ಕೆ ಕರಗಿ ಹೋಗುತ್ತದೆ.