ಕಾನಿನ ನೆತ್ತಿಯ ಬಿಸಿ ಅಳೆಯುವುದು ಹೇಗೆ?

ಡ್ರೋನ್‌ನ ಥರ್ಮಲ್ ಕ್ಯಾಮೆರಾ ತೋರಿಸುವ ಡಿಗ್ರಿಯನ್ನು ಹಾಗೇ ನಂಬಬೇಡಿ. ಸಾಮಾನ್ಯ ಕ್ಯಾಮೆರಾಗಳು 5 ಡಿಗ್ರಿವರೆಗೆ ಆಚೀಚೆ ಹೇಳುತ್ತವೆ. ಕಾನಿಗೂ (ಮಲೆನಾಡಿನ ದಟ್ಟ ಹಸಿರು ಕಾಡು) ಪಕ್ಕದ ಅಕೇಶಿಯಾ ತೋಪಿಗೂ ಅಷ್ಟು ಅಂತರವೇ ಇಲ್ಲದಿರಬಹುದು. ಹಾಗಾಗಿ ಮೊದಲು ನೆಲದಲ್ಲಿ ಅಳತೆಗೋಲು ಬೇಕು.

ಅದಕ್ಕೆ ನೀರು ಸಾಕು. ನೀರಿಗೂ ಹಸಿರೆಲೆಗೂ ಎಮಿಸಿವಿಟಿ, ಅಂದರೆ ಬಿಸಿಯನ್ನು ಕಿರಣವಾಗಿ ಹೊರಸೂಸುವ ಗುಣದ ಅಳತೆ, ಸುಮಾರು 0.98. ಕೊಯ್ಲಾದ ಗದ್ದೆಯಲ್ಲಿ 1 ಮೀಟರ್ ಬಾಯಿಯ ಎರಡು ತೊಟ್ಟಿ ಇಡಿ: ಒಂದರಲ್ಲಿ ಬಾವಿ ನೀರು, ಇನ್ನೊಂದರಲ್ಲಿ 40 ಡಿಗ್ರಿಯ ಬಿಸಿನೀರು. ಅಡಿಕೆ ಬೇಯಿಸುವ ಹಂಡೆಯೂ ಆದೀತು, ಕಂಠಪೂರ್ತಿ ತುಂಬಿ. ಕೋಲಿನಿಂದ ಕಲಕುತ್ತಲೇ ಇರಬೇಕು. ಇಲ್ಲವಾದರೆ ಆವಿಯಾಗಿ ಮೇಲ್ಪದರ ತಣ್ಣಗಾಗುತ್ತದೆ. ಕ್ಯಾಮೆರಾ ಅದನ್ನು ನೋಡುತ್ತದೆ, ಥರ್ಮಾಮೀಟರ್ ಒಳಗಿನದನ್ನು.

ಜನವರಿಯಿಂದ ಮಾರ್ಚ್‌ವರೆಗೆ, ಮಂಜು ಪೂರ್ತಿ ಕರಗಿದ ಮೇಲೆ, 12ರಿಂದ 2 ಗಂಟೆಯೊಳಗೆ ಹಾರಿಸಿ. ತುಂಡು ಮೋಡ ಸಾಗಿದರೆ ಎಲೆಯ ಬಿಸಿ ನಿಮಿಷದೊಳಗೆ ಇಳಿಯುತ್ತದೆ, ಆ ದಿನ ಬಿಟ್ಟುಬಿಡಿ. ಕ್ಯಾಮೆರಾವನ್ನು 15–20 ನಿಮಿಷ ಮೊದಲೇ ಚಾಲೂ ಮಾಡಿ. ಮೇಲೆ ಗಾಳಿ ತಾಗಿ ಅದರ ಮೈ ಮತ್ತೆ ತಣ್ಣಗಾಗುವುದರಿಂದ ಓದು (ಅದು ತೋರಿಸುವ ಡಿಗ್ರಿ) ಜಾರುತ್ತದೆ. ಆದ್ದರಿಂದ ಹೊರಡುವಾಗ, ಇಳಿಯುವಾಗ ಎರಡೂ ಸಲ ತೊಟ್ಟಿಗಳ ಮೇಲೆ ಹಾದುಬನ್ನಿ.

640×512 ಸೆನ್ಸರ್, 12 ಮೈಕ್ರಾನ್ ಪಿಕ್ಸೆಲ್, 13 ಮಿ.ಮೀ. ಲೆನ್ಸ್ ಇದ್ದರೆ 100 ಮೀಟರ್ ಎತ್ತರದಿಂದ ಒಂದು ಪಿಕ್ಸೆಲ್ ಸುಮಾರು 9 ಸೆಂ.ಮೀ. ತೊಟ್ಟಿಯ ಅಗಲಕ್ಕೆ 11 ಪಿಕ್ಸೆಲ್ ಸಿಗುತ್ತದೆ. ಅಂಚಿನವು ಕಲಬೆರಕೆ, ನಡುವಿನವನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ.

ಮಲೆನಾಡಿನಲ್ಲಿ ಕೈಕೊಡುವುದು ಗುಡ್ಡ. ಆ 100 ಮೀಟರ್ ಎತ್ತರವನ್ನು ಹೊರಟ ಜಾಗದಿಂದ ಎಣಿಸಿದರೆ, 10 ಮೀಟರ್ ದಿಬ್ಬದ ಮೇಲೆ 30 ಮೀಟರ್ ಮರವಿದ್ದಲ್ಲಿ ಉಳಿಯುವುದು 60 ಮೀಟರ್. 80% ಇಟ್ಟುಕೊಂಡ ಓವರ್‌ಲ್ಯಾಪ್ (ಒಂದು ಚಿತ್ರ ಮುಂದಿನದರ ಮೇಲೆ ಹೊದಿಯುವ ಪಾಲು) ಅಲ್ಲಿ 67%ಕ್ಕೆ ಕುಸಿದು ಚಿತ್ರಗಳು ಒಂದಕ್ಕೊಂದು ಜೋಡಿಸುವ ಹೊಲಿಗೆಗೆ ಸಿಗದೇ ಹೋಗಬಹುದು. ಎತ್ತರವನ್ನು ಮರದ ನೆತ್ತಿಯಿಂದ ಲೆಕ್ಕಹಾಕಿ. ಆದರೆ ನೆಲದಿಂದ 120 ಮೀಟರ್ ಮೀರುವಂತಿಲ್ಲ. ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದ ಸುತ್ತ ನಿರ್ಬಂಧ ಇನ್ನೂ ಬಿಗಿ. ಕಾಡಿಗೆ ಅರಣ್ಯ ಇಲಾಖೆಯ ಅನುಮತಿ ಬೇರೆ.

ಚಿತ್ರಗಳನ್ನು ಪ್ರತಿ ಪಿಕ್ಸೆಲ್‌ನ ಉಷ್ಣತೆಯನ್ನೂ ಹಿಡಿದಿಡುವ ರೇಡಿಯೋಮೆಟ್ರಿಕ್ ಫಾರ್ಮ್ಯಾಟ್‌ನಲ್ಲೇ ಉಳಿಸಿ. ಬಣ್ಣ ಬಳಿದ ಜೆಪೆಗ್ ಗೋಡೆಗೆ ತೂಗುಹಾಕಲು ಚೆಂದ, ಅಷ್ಟೆ. ಎರಡು ತೊಟ್ಟಿಗಳ ನಿಜವಾದ ಉಷ್ಣತೆಯನ್ನೂ ಕ್ಯಾಮೆರಾದ ಓದನ್ನೂ ಗ್ರಾಫ್‌ನಲ್ಲಿಟ್ಟು ಸರಳರೇಖೆ ಎಳೆದರೆ ಅದೇ ತಿದ್ದುಪಡಿ ಸೂತ್ರ. ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಎಮಿಸಿವಿಟಿಯನ್ನು 0.95ರಲ್ಲೇ ಬಿಟ್ಟಿದ್ದರೆ, ಶುಭ್ರ ಆಕಾಶದಡಿ ಎಲೆಗಳ ಓದು ಒಂದು ಡಿಗ್ರಿಯಷ್ಟು ತಪ್ಪಬಹುದು.

ಆಗುಂಬೆ ಕಡೆಯ ನಿತ್ಯಹರಿದ್ವರ್ಣ ಕಾಡಿನಲ್ಲಿ ಸಿಗುವುದು ಎಲೆಯ ಬಿಸಿ. ಶಿವಮೊಗ್ಗದ ಪೂರ್ವಕ್ಕೆ ತೇಗ ಎಲೆ ಉದುರಿಸಿದ ಮೇಲೆ ಅದೇ ಕ್ಯಾಮೆರಾ ಅಳೆಯುವುದು ಕೆಳಗಿನ ಒಣ ತರಗೆಲೆಯನ್ನು. ಇವೆರಡನ್ನೂ ಒಂದೇ ಕೋಷ್ಟಕಕ್ಕೆ ಹಾಕಬೇಡಿ.