1966ರ ಶೆವೆಲ್‌ಗೆ ಬ್ರೇಕ್ ಆರಿಸುವ ಬಗೆ

1966ರ ಶೆವರ್ಲೆ ಶೆವೆಲ್ ಎಸ್‌ಎಸ್ 396 ಕಾರಿನ ಅತಿ ಸಾಧಾರಣ ಎಂಜಿನ್ನಿಗೂ 325 ಅಶ್ವಶಕ್ತಿಯಿತ್ತು. ಆ ಓಟವನ್ನು ತಡೆಯಲು ಕಾರ್ಖಾನೆ ಕೊಟ್ಟದ್ದು ಮಾತ್ರ ನಾಲ್ಕೂ ಚಕ್ರಗಳಿಗೆ 9.5 ಅಂಗುಲದ ಡ್ರಮ್ ಬ್ರೇಕುಗಳು. ಇಂಥ ಕಾರನ್ನು ಪುನಶ್ಚೇತನಗೊಳಿಸುವವರು ಸಾಮಾನ್ಯವಾಗಿ ಮೊದಲು ಡಿಸ್ಕ್ ಬ್ರೇಕಿನ ಬೆಲೆ ವಿಚಾರಿಸುತ್ತಾರೆ. ನನ್ನ ಮಟ್ಟಿಗೆ ಮೊದಲು ನೋಡಬೇಕಾದದ್ದು ಪೆಡಲಿನ ಒತ್ತಡವನ್ನು ಬ್ರೇಕ್ ಆಯಿಲ್ ಮೂಲಕ ಚಕ್ರಗಳಿಗೆ ಕಳಿಸುವ ಮಾಸ್ಟರ್ ಸಿಲಿಂಡರನ್ನು.

1966ರ ಮಾಸ್ಟರ್ ಸಿಲಿಂಡರಿನಲ್ಲಿ ಇರುವುದು ಒಂದೇ ಕೋಣೆ. ನಾಲ್ಕು ಚಕ್ರಗಳಿಗೆ ಹೋಗುವ ಕೊಳವೆಗಳಲ್ಲಿ ಎಲ್ಲಿಯಾದರೂ ಒಂದು ಒಡೆದರೆ ಪೆಡಲ್ ನೆಲ ಮುಟ್ಟುತ್ತದೆ, ಮತ್ತೆ ಉಳಿಯುವುದು ಹ್ಯಾಂಡ್ ಬ್ರೇಕ್ ಒಂದೇ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವುದರಿಂದ ಹಳೆಯ ಉಕ್ಕಿನ ಕೊಳವೆಗಳು ಒಳಗಿನಿಂದಲೇ ತುಕ್ಕು ಹಿಡಿದಿರುತ್ತವೆ, ಹೊರಗಿನಿಂದ ನೋಡಿ ಅವನ್ನು ನಂಬುವಂತಿಲ್ಲ. 1967ರ ಮಾದರಿಯಿಂದ ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಬೇರೆ ಬೇರೆ ಕೋಣೆಗಳಿರುವ ಮಾಸ್ಟರ್ ಸಿಲಿಂಡರ್ ಬಂತು. ಹಳೆಯ ಕಾರುಗಳ ಪ್ರದರ್ಶನ ಸ್ಪರ್ಧೆಯ ತೀರ್ಪುಗಾರರು ಮೆಚ್ಚುವಂತೆ ಪ್ರತಿ ಬೋಲ್ಟನ್ನೂ ಮೂಲದಂತೆಯೇ ಉಳಿಸಬೇಕೆಂಬ ಹಟವಿಲ್ಲದಿದ್ದರೆ, ಹೊಸ ಕೊಳವೆಗಳೊಂದಿಗೆ ಈ ಬದಲಾವಣೆಯನ್ನು ಮೊದಲು ಮಾಡಿಸಿ.

ಇನ್ನು ಡ್ರಮ್ಮೋ ಡಿಸ್ಕೋ ಎಂಬುದು ಕಾರನ್ನು ಹೇಗೆ ಬಳಸುತ್ತೀರಿ ಎಂಬುದರ ಮೇಲೆ ನಿಲ್ಲುತ್ತದೆ. ಸರಿಯಾಗಿ ಹೊಂದಿಸಿದ ಡ್ರಮ್, ತಣ್ಣಗಿರುವಾಗ ಒಂದು ಸಲ ಗಟ್ಟಿಯಾಗಿ ಒತ್ತಿದರೆ ಚೆನ್ನಾಗಿಯೇ ಹಿಡಿಯುತ್ತದೆ. ತಿರುಗುವ ಡ್ರಮ್ಮೇ, ಒಳಗಿನಿಂದ ಅದಕ್ಕೆ ಒತ್ತುವ ಶೂಗಳನ್ನು ತನ್ನತ್ತ ಎಳೆದುಕೊಳ್ಳುವುದರಿಂದ ಕಾಲಿಗೆ ಶ್ರಮವೂ ಕಡಿಮೆ. ತೊಂದರೆ ಬರುವುದು ಉದ್ದನೆಯ ಇಳಿಜಾರಿನಲ್ಲಿ ಅಥವಾ ವೇಗದಿಂದ ಮೇಲಿಂದ ಮೇಲೆ ನಿಲ್ಲಿಸುವಾಗ: ಕಾದ ಡ್ರಮ್ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಶೂಗಳ ಮೇಲಿನ ಉಜ್ಜುವ ಪದರದ (ಲೈನಿಂಗಿನ) ಹಿಡಿತವೂ ಕುಗ್ಗುತ್ತದೆ. ನೀರು ಹೊಕ್ಕಾಗ ಎರಡು ಬದಿ ಸಮನಾಗಿ ಹಿಡಿಯದೆ ಕಾರು ಒಂದು ಕಡೆಗೆ ಎಳೆಯುವುದೂ ಉಂಟು. ಭಾನುವಾರ ಮಾತ್ರ ಊರೊಳಗೆ ಓಡುವ ಕಾರಿಗೆ ಡ್ರಮ್ ಸಾಕು. ಹೆದ್ದಾರಿಯಲ್ಲಿ ಓಡಿಸುವುದಾದರೆ ಮುಂದಿನ ಚಕ್ರಗಳಿಗೆ ಡಿಸ್ಕ್ ಹಾಕಿ, ಹಿಂದೆ ಡ್ರಮ್ಮನ್ನೇ ಉಳಿಸಿಕೊಳ್ಳಿ. ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ಬೀಳುವುದರಿಂದ ಹಿಂದೆ ಡಿಸ್ಕ್ ಹಾಕಿಸಿದ ಹಣಕ್ಕೆ ಬೀದಿಯಲ್ಲಿ ಸಿಗುವ ಫಲ ಅಲ್ಪ.

ಮುಂದಿನ ಡಿಸ್ಕಿಗೆ 1969ರಿಂದ 1972ರವರೆಗಿನ ಶೆವೆಲ್‌ನ ಸ್ಪಿಂಡಲ್ (ಚಕ್ರ ಕೂರುವ ಅಚ್ಚಿನ ಭಾಗ), 11 ಅಂಗುಲದ ಡಿಸ್ಕ್ ಮತ್ತು ಒಂದೇ ಪಿಸ್ಟನ್ನಿನ ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ಇರುವ ಜೋಡಣೆ ಒಳ್ಳೆಯ ಆಯ್ಕೆ. ದೊಡ್ಡ ಕಾರುಗಳ ಎತ್ತರದ ಸ್ಪಿಂಡಲ್ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ, ಅದು ಸಸ್ಪೆನ್ಷನ್ನಿನ ಕೋನಗಳನ್ನು ಬದಲಿಸಿ ಸ್ಟೀಯರಿಂಗಿಗೆ ಹೊಸ ತಲೆನೋವು ತರಬಹುದು. ಡ್ರಮ್ಮಿಗೆಂದು ಮಾಡಿದ 14 ಅಂಗುಲದ ರಿಮ್ ಕ್ಯಾಲಿಪರಿಗೆ ತಗುಲುವ ಸಾಧ್ಯತೆಯಿದೆ. ಹಣ ಕೊಡುವ ಮೊದಲು ರಿಮ್ಮನ್ನು ಕೂರಿಸಿ ಒಂದು ಸುತ್ತು ಕೈಯಿಂದಲೇ ತಿರುಗಿಸಿ ನೋಡಿ. 13 ಅಂಗುಲದ ಡಿಸ್ಕಿನ ಆಸೆಯಿದ್ದರೆ ರಿಮ್ 17 ಅಂಗುಲಕ್ಕೆ ಏರಬೇಕಾಗುತ್ತದೆ, ಆಗ ಕಾರಿನ ಹಳೆಯ ನಿಲುವೇ ಬದಲಾಗುತ್ತದೆ.

ಡಿಸ್ಕಿಗೆ ಡ್ರಮ್ಮಿಗಿಂತ ಹೆಚ್ಚಿನ ಒತ್ತಡ ಬೇಕು. ಎಂಜಿನ್ನಿನ ಸಂಗತಿ ಬ್ರೇಕಿಗೆ ತಗುಲುವುದು ಇಲ್ಲಿಯೇ. ಕಾಲಿನ ಒತ್ತಡವನ್ನು ಹೆಚ್ಚಿಸುವ ಸಾಮಾನ್ಯ ಬೂಸ್ಟರ್, ಎಂಜಿನ್ ಎಳೆಯುವ ನಿರ್ವಾತದಿಂದ ಕೆಲಸ ಮಾಡುತ್ತದೆ, ಅದಕ್ಕೆ ಸುಮಾರು 18 ಅಂಗುಲ ಪಾದರಸದಷ್ಟು ನಿರ್ವಾತವಿದ್ದರೆ ಚೆನ್ನ. ಗುಡುಗುಡು ಸದ್ದಿಗಾಗಿ ದೊಡ್ಡ ಕ್ಯಾಮ್‌ಶಾಫ್ಟ್ (ಎಂಜಿನ್ನಿನ ವಾಲ್ವುಗಳನ್ನು ತೆರೆಯುವ ದಂಡ) ಹಾಕಿಸಿದ ಎಂಜಿನ್, ನಿಂತಲ್ಲಿ ಓಡುವಾಗ 10 ಅಂಗುಲವನ್ನೂ ಕೊಡದಿರಬಹುದು. ಆದ್ದರಿಂದ ಗೇಜ್ ಇಟ್ಟು ಅಳೆದ ಮೇಲೆಯೇ ಬೂಸ್ಟರ್ ಕೊಳ್ಳಿ. ನಿರ್ವಾತ ಸಾಲದಿದ್ದರೆ ಪವರ್ ಸ್ಟೀಯರಿಂಗ್ ಪಂಪಿನಿಂದ ನಡೆಯುವ ಹೈಡ್ರೋಬೂಸ್ಟ್ ಇದೆ; ಬೂಸ್ಟರೇ ಇಲ್ಲದ ವ್ಯವಸ್ಥೆಯೂ ನಡೆಯುತ್ತದೆ. ಬೂಸ್ಟರ್ ಇಲ್ಲದಿದ್ದರೆ ಪೆಡಲಿನ ಅನುಪಾತ (ಪೆಡಲಿನ ಸನ್ನೆ ಕಾಲಿನ ಬಲವನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಎಂಬುದು) ಸುಮಾರು 6:1 ಇರಲಿ, ಮಾಸ್ಟರ್ ಸಿಲಿಂಡರಿನ ಒಳವ್ಯಾಸ 1 ಅಂಗುಲ ಇರಲಿ. ಬೂಸ್ಟರ್ ಇದ್ದರೆ 4:1ರ ಆಸುಪಾಸಿನ ಅನುಪಾತ ಮತ್ತು ಸ್ವಲ್ಪ ದೊಡ್ಡ ವ್ಯಾಸ ಹೊಂದುತ್ತದೆ. ವ್ಯಾಸ ಹೆಚ್ಚಿದಷ್ಟೂ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ಹಿಡಿತ ಮಾತ್ರ ಹೆಚ್ಚುವುದಿಲ್ಲ. ಹಲವರು ಈ ಗಟ್ಟಿತನವನ್ನೇ ಒಳ್ಳೆಯ ಬ್ರೇಕ್ ಎಂದು ತಪ್ಪು ತಿಳಿಯುತ್ತಾರೆ.

ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವಾಗ ಹಿಂದಿನ ಚಕ್ರಗಳಿಗೆ ಹೋಗುವ ಒತ್ತಡವನ್ನು ಮಿತಿಯಲ್ಲಿಡುವ ಕಾಂಬಿನೇಷನ್ ವಾಲ್ವ್ ನಡುವೆ ಬೇಕೇ ಬೇಕು. ಇಲ್ಲದಿದ್ದರೆ ಜೋರಾಗಿ ಒತ್ತಿದಾಗ ಹಿಂದಿನ ಚಕ್ರಗಳು ಮೊದಲು ಕಚ್ಚಿಕೊಂಡು ಕಾರಿನ ಬಾಲ ಪಕ್ಕಕ್ಕೆ ಹೊರಳುತ್ತದೆ. ಡ್ರಮ್ಮಿನ ಸಾಲಿನಲ್ಲಿ ಸುಮಾರು 10 ಪಿಎಸ್‌ಐ (ಚದರ ಅಂಗುಲಕ್ಕೆ ಪೌಂಡ್) ಒತ್ತಡ ಉಳಿಸುವ ಪುಟ್ಟ ವಾಲ್ವ್ ಹಳೆಯ ಸಿಲಿಂಡರಿನೊಳಗೇ ಇರುತ್ತದೆ. ಅದು ಡಿಸ್ಕಿನ ಸಾಲಿನಲ್ಲಿ ಉಳಿದರೆ ಪ್ಯಾಡುಗಳು ಸದಾ ಉಜ್ಜುತ್ತಲೇ ಇರುತ್ತವೆ.

ಬ್ರೇಕ್ ಆಯಿಲ್ ಡಾಟ್ 3 ಅಥವಾ 4 ದರ್ಜೆಯದಾಗಿರಲಿ, ಬಣ್ಣದ ಮೇಲೆ ಚೆಲ್ಲದಂತೆ ನೋಡಿಕೊಳ್ಳಿ. ಬಣ್ಣ ಕೆಡಿಸದ ಸಿಲಿಕೋನಿನ ಡಾಟ್ 5 ಇವುಗಳೊಂದಿಗೆ ಬೆರೆಯುವುದಿಲ್ಲ, ಪೆಡಲನ್ನೂ ತುಸು ಮೆತ್ತಗಾಗಿಸುತ್ತದೆ. ಹಳೆಯ ಡ್ರಮ್ ಬಿಚ್ಚುವಾಗ ಅದರ ಧೂಳಿನಲ್ಲಿ ಆಸ್ಬೆಸ್ಟಾಸ್ ಇದೆಯೆಂದೇ ಭಾವಿಸಿ, ಗಾಳಿ ಊದದೆ ಒದ್ದೆ ಬಟ್ಟೆಯಿಂದ ಒರೆಸಿ. ಹೊಸ ಮಾಸ್ಟರ್ ಸಿಲಿಂಡರಿನ ಗಾಳಿಯನ್ನು ಮೇಜಿನ ಮೇಲೆಯೇ ತೆಗೆದು ಕೂರಿಸಿ, ಆಮೇಲೆ ಅದಕ್ಕೆ ಅತಿ ದೂರದ ಹಿಂದಿನ ಬಲ ಚಕ್ರದಿಂದ ಆರಂಭಿಸಿ ಒಂದೊಂದಾಗಿ ಗಾಳಿ ತೆಗೆಯಿರಿ.