2200 ವಾಟ್ ಜನರೇಟರ್‌ನಲ್ಲಿ ಟ್ರೈಲರ್ ಎಸಿ ಓಡಿಸಿದ್ದು

ಅಮೆರಿಕದ ಯೂಟಾದ ಮೋಆಬ್ ಹತ್ತಿರ, ಕರೆಂಟ್ ಸಿಗದ ಜಾಗದಲ್ಲಿ ಟ್ರೈಲರ್ (ಗಾಡಿ ಹಿಂದೆ ಎಳೆದೊಯ್ಯುವ ಪುಟ್ಟ ಮನೆ) ನಿಲ್ಲಿಸಿ, 2200 ವಾಟ್ ಜನರೇಟರ್‌ನಿಂದ ಎಸಿ ಓಡಿಸಲು ನೋಡಿದೆ. ಎಸಿ 13,500 ಬಿಟಿಯು (ತಂಪು ಮಾಡುವ ಸಾಮರ್ಥ್ಯದ ಅಳತೆ). ಫ್ಯಾನ್ ತಿರುಗುತ್ತಿತ್ತು. ಕಂಪ್ರೆಸರ್ ಶುರುವಾಗುವ ಹೊತ್ತಿಗೆ ಜನರೇಟರ್‌ನ ಓವರ್‌ಲೋಡ್ ದೀಪ ಕೆಂಪಗಾಗಿ ಕರೆಂಟ್ ಹೋಗುತ್ತಿತ್ತು.

ಸ್ಪಾರ್ಕ್ ಪ್ಲಗ್, ಆಯಿಲ್ ಬದಲಿಸಿದೆ. ದಪ್ಪ ಕೇಬಲ್ ಹಾಕಿದೆ. ಇಕೋ ಸ್ವಿಚ್ (ಲೋಡ್ ಕಡಿಮೆ ಇದ್ದಾಗ ಎಂಜಿನ್ ವೇಗ ತಗ್ಗಿಸುವುದು) ಆಫ್ ಮಾಡಿದೆ. ಏನೂ ಆಗಲಿಲ್ಲ.

2200 ವಾಟ್ ಅನ್ನೋದು ಕ್ಷಣಮಾತ್ರದ ಶಕ್ತಿ, ಸತತವಾಗಿ ಸಿಗೋದು 1800. ಎತ್ತರಕ್ಕೆ ಹೋದಂತೆ ಪ್ರತಿ 1000 ಅಡಿಗೆ ಸುಮಾರು 3.5% ಕಡಿಮೆ. ಮೋಆಬ್ ಸುಮಾರು 4000 ಅಡಿ, ಅಂದರೆ ಉಳಿಯೋದು 1550ರ ಆಸುಪಾಸು. ಕಂಪ್ರೆಸರ್ ಓಡಲು ಸಾಕು, ಆದರೆ ಶುರುವಾಗುವ ಕ್ಷಣಕ್ಕೆ ಅದು ಹೆಚ್ಚು ಎಳೆಯುತ್ತದೆ, ಅದಕ್ಕೆ ಸಾಲದು.

ಎಸಿಗೆ ಸಾಫ್ಟ್ ಸ್ಟಾರ್ಟರ್ (ಶುರುವಾಗುವಾಗ ಎಳೆಯುವ ಕರೆಂಟ್ ತಗ್ಗಿಸುವ ಸಾಧನ) ಕೂರಿಸಿದೆ. ಕರೆಂಟ್ ಪೂರ್ತಿ ತೆಗೆದು, ಕೆಪಾಸಿಟರ್ (ಕರೆಂಟ್ ಹೋದ ಮೇಲೂ ಚಾರ್ಜ್ ಹಿಡಿದಿಡುವ ಭಾಗ) ಡಿಸ್ಚಾರ್ಜ್ ಮಾಡಿದ ಮೇಲೆಯೇ ವೈರ್ ಮುಟ್ಟಿ. ನನ್ನ ಸ್ಟಾರ್ಟರ್ ಮೊದಲ 5 ಸಲ ಶುರುವಾಗುವಾಗ ಕಂಪ್ರೆಸರ್‌ನ ನಡೆ ಕಲಿಯುತ್ತದೆ. ಅದನ್ನು ಕ್ಯಾಂಪ್‌ಗ್ರೌಂಡ್‌ನ 30 ಆಂಪ್ ಪ್ಲಗ್‌ನಲ್ಲೇ ಮುಗಿಸಿದೆ.

ಈಗ ಈ ಕ್ರಮ: ಫ್ರಿಜ್, ಗೀಸರ್ ಎರಡನ್ನೂ ಕರೆಂಟ್ ಬದಲು ಗ್ಯಾಸ್‌ಗೆ ಹಾಕು. ಬ್ಯಾಟರಿ ಚಾರ್ಜ್ ಮಾಡುವ ಕನ್ವರ್ಟರ್‌ನ ಬ್ರೇಕರ್ ಆಫ್ (ಇದನ್ನೇ ಜಾಸ್ತಿ ಜನ ಮರೆಯೋದು). ಇಕೋ ಆಫ್. ಜನರೇಟರ್ 5 ನಿಮಿಷ ಬಿಸಿಯಾಗಲಿ. ಮೊದಲು ಬರೀ ಫ್ಯಾನ್, 2 ನಿಮಿಷದ ನಂತರ ಕೂಲ್. ಮೈಕ್ರೋವೇವ್ ಬೇಕಾದರೆ ಎಸಿ ನಿಲ್ಲಿಸಲೇಬೇಕು.

ಹೊಸದಾಗಿ ಕೊಳ್ಳುವವರು 3000 ವಾಟ್ ಸತತವಾಗಿ ಕೊಡುವ ಇನ್ವರ್ಟರ್ ಜನರೇಟರ್ ನೋಡಿ.